ಒಂದನೇ ಬೋರ್ಡಿನ ಬಿಳಿ ತಟ್ಟೆ

2026ರ ಜನವರಿ 21, ಬುಧವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಬಂಡೆಹಾಳ ಪೊಲೀಸ್ ಠಾಣೆಯ ಮುಂದೆ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ ಧೂಳೇನು ಹೊಸದಲ್ಲ. ಸಿಮೆಂಟ್ ಲಾರಿ ಹೋದರೆ ಬಿಳಿ ಧೂಳು, ಕಲ್ಲಿನ ಟ್ರ್ಯಾಕ್ಟರ್ ಹೋದರೆ ಬೂದು ಧೂಳು. ಜೀಪಿನಿಂದ ಇಳಿದ ಸಿದ್ದಲಿಂಗೇಶನ ಮೈಮೇಲೆ ಎರಡೂ ಇದ್ದವು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಇಟ್ಟುಕೊಂಡವನು, ಊರಾಚೆಯ ಹಳೇ ಖಣಿಯಲ್ಲಿ ನಡೆಯುವ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ.

"ಮೇಡಂ, ನಮ್ಮ ಕ್ಲಬ್ಬಿನ ಕಣ್ಣ ಕದ್ದಾರ್ರಿ" ಎಂದ.

ಇನ್ಸ್‌ಪೆಕ್ಟರ್ ಭಾಗ್ಯಜ್ಯೋತಿ ಪೆನ್ನು ಕೆಳಗಿಟ್ಟಳು. ಆಡಕಿಯ ಒಕ್ಕಲುತನದ ಮನೆಯಲ್ಲಿ ಬೆಳೆದ ಹೆಣ್ಣುಮಗಳು ಆಕೆ. ಏದುಸಿರು ಬಿಡುತ್ತ ಬಂದವರು ಮೊದಲು ಹೇಳುವ ಮಾತನ್ನು ಅರ್ಧ ಮಾತ್ರ ನಂಬಬೇಕೆಂಬುದು ಆಕೆಗೆ ಸಂತೆಯಲ್ಲಿ ಎತ್ತು ಕೊಳ್ಳುವಾಗಲೇ ಗೊತ್ತಾಗಿತ್ತು.

"ಕುಂದ್ರಿ. ನೀರು ಕುಡೀರಿ. ಆಮ್ಯಾಲ ಏನು ಹೋತು ಹೇಳ್ರಿ."

"ಕ್ಯಾಮೆರಾ ಹೋತ್ರಿ. ಟಾರ್ಗೆಟ್ ಕ್ಯಾಮೆರಾ. ಹೊಸಾದ್ರಿ, ಇನ್ನ ಒಮ್ಮೀನೂ ಬಳಸಿಲ್ಲ."

ಅವನು ಬಿಡಿಸಿ ಹೇಳಿದ. ಗುಂಡು ಹೊಡೆಯುವ ಕಟ್ಟೆಗೂ ಟಾರ್ಗೆಟ್ಟಿಗೂ ನಡುವೆ ಅರ್ಧ ಕಿಲೋಮೀಟರ್. ಗುಂಡು ಎಲ್ಲಿ ಬಿತ್ತೆಂದು ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಬಿಸಿಲಿಗೆ ಕಲ್ಲಿನ ಮೇಲೆ ಝಳ ಏಳುವುದರಿಂದ ದುರ್ಬೀನಿಗೂ ಎಲ್ಲಾ ಕುಣಿದಂತೆ ಕಾಣುತ್ತದೆ. ಈ ಕ್ಯಾಮೆರಾವನ್ನು ಟಾರ್ಗೆಟ್ಟಿನ ಮುಂದೆ, ಒಂದು ಪಕ್ಕಕ್ಕೆ ನಿಲ್ಲಿಸಿದರೆ ಸಾಕು. ತಂತಿಯಿಲ್ಲದೆ ಚಿತ್ರ ಕಳಿಸುತ್ತದೆ. ಕಟ್ಟೆಯ ಹತ್ತಿರ ಇನ್ನೊಂದು ಡಬ್ಬಿ, ಅದಕ್ಕೊಂದು ಆಂಟೆನಾ. ಅದು ಚಿತ್ರ ಹಿಡಿದು ಟ್ಯಾಬಿಗೆ ಕೊಡುತ್ತದೆ. ಹೊಸ ತೂತು ಬಿದ್ದ ಕೂಡಲೇ ತೆರೆಯ ಮೇಲೆ ಅಷ್ಟೇ ಜಾಗ ಮಿನುಗುತ್ತದೆ.

"ಆಯಿತವಾರ ಸ್ಪರ್ಧಾ ಇಟ್ಟೀವ್ರಿ. ಬೀದರ, ರಾಯಚೂರು, ಹೈದರಾಬಾದದಿಂದ ಮಂದಿ ಬರಾಕತ್ತಾರ. ಕ್ಯಾಮೆರಾ ಅದ ಅಂತ ಊರ ತುಂಬಾ ಸಾರೀನಿ. ಮಾನ ಹೋಗ್ತದ್ರಿ."

ರೈಟರ್ ಕೆಲಸವನ್ನೂ ನೋಡುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೀರಪ್ಪ ದೂರು ಬರೆದುಕೊಂಡ. ಕಳ್ಳತನದ ಎಫ್‌ಐಆರ್ ದಾಖಲಾಯಿತು. ಪೀರಪ್ಪನಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ, ಮಾತು ಎರಡು ಹೆಜ್ಜೆ ಮುಂದೆ.

"ಮೇಡಂ, ಬಂಗಾರ ಕದ್ದವ್ರನ್ನ ಹಿಡದೀನಿ, ಮೋಟಾರು ಕದ್ದವ್ರನ್ನ ಹಿಡದೀನಿ. ಕ್ಯಾಮೆರಾನ ಕದ್ರ ಕ್ಯಾಮೆರಾದಾಗ ನೋಡೋಣು ಅನ್ನಾಕೂ ಬರಂಗಿಲ್ಲ ನೋಡ್ರಿ."

ಮಧ್ಯಾಹ್ನದ ಹೊತ್ತಿಗೆ ಸ್ಥಳ ಪಂಚನಾಮೆಗೆ ಖಣಿಗೆ ಹೋದರು. ಜೊತೆಗೆ ಮಹಿಳಾ ಕಾನ್‌ಸ್ಟೆಬಲ್ ಜಾನಬಿ, ಇಬ್ಬರು ಪಂಚರು. ಕಲ್ಲು ತೀರಿದ ಮೇಲೆ ಹಾಗೇ ಬಿಟ್ಟ ಉದ್ದನೆಯ ಖಣಿ ಅದು. ಒಂದು ಬದಿಯಲ್ಲಿ ಮಳೆನೀರು ನಿಂತು ಹಸಿರು ಮಡುವಾಗಿತ್ತು. ಸಾಮಾನಿನ ಕೋಣೆಯಲ್ಲಿ ಟಾರ್ಗೆಟ್ಟಿನ ಬೋರ್ಡುಗಳು ಗೋಡೆಗೆ ಮುಖ ಮಾಡಿ ಒರಗಿದ್ದವು. ಬಾಗಿಲ ಕೀಲಿ ಮುರಿದಿರಲಿಲ್ಲ, ಕಿಟಕಿಯ ಸರಳು ನೆಟ್ಟಗಿದ್ದವು. ಟ್ಯಾಬು ಅಲ್ಲೇ ಇತ್ತು. ಆಂಟೆನಾದ ಡಬ್ಬಿಯೂ ಇತ್ತು. ಹೋದದ್ದು ಕ್ಯಾಮೆರಾ ಮತ್ತು ಅದರ ಚಾರ್ಜರ್, ಎರಡೇ.

"ಟ್ಯಾಬ್ ಬಿಟ್ಟು ಹೋಗ್ಯಾನ" ಎಂದಳು ಜಾನಬಿ. "ಎಂಥಾ ಹುಚ್ಚ ಕಳ್ಳ ಇರಬೇಕ್ರಿ! ವಾಡಿ ಸ್ಟೇಷನ್ ಮುಂದ ನಿಂತ್ರ ತಾಸಿನಾಗ ಮಾರ್ಕೊಂಡು ಬರಬಹುದು."

ಭಾಗ್ಯಜ್ಯೋತಿ ಆಂಟೆನಾದ ಡಬ್ಬಿಯನ್ನು ತಿರುವಿ ನೋಡಿದಳು. ಆ ಕ್ಯಾಮೆರಾ ಒಂದನ್ನೇ ಇಟ್ಟುಕೊಂಡವನಿಗೆ ಅದರಿಂದ ಏನೂ ಕಾಣುವುದಿಲ್ಲ. ಎತ್ತು ಬಿಟ್ಟು ಮೂಗುದಾರ ಕದ್ದ ಹಾಗಾಯಿತು. ಕಳ್ಳನಿಗೆ ಬೇಕಾಗಿದ್ದುದು ಕ್ಯಾಮೆರಾ ಅಲ್ಲ, ಕ್ಯಾಮೆರಾ ಇಲ್ಲದ ಭಾನುವಾರ. ಅಷ್ಟೇ ಬೇಕಾಗಿದ್ದರೆ ಇಪ್ಪತ್ತು ಹೆಜ್ಜೆ ಆಚೆ ಮಡು ಇತ್ತಲ್ಲ. ಎಸೆದು ಕೈ ತೊಳೆದುಕೊಳ್ಳಬಹುದಿತ್ತು. ಚಾರ್ಜರ್ ಯಾಕೆ ಒಯ್ದ?

ಕೋಣೆಯ ಚಾವಿ ಇದ್ದುದು ಇಬ್ಬರ ಹತ್ತಿರ. ಒಂದು ಸಿದ್ದಲಿಂಗೇಶನದು, ಇನ್ನೊಂದು ಕಾವಲುಗಾರ ಸೂಗಪ್ಪನದು. ಐವತ್ತು ದಾಟಿದ ಸೂಗಪ್ಪ ಟಾರ್ಗೆಟ್ಟಿನ ಕೆಳಗಿನ ತಗ್ಗಿನಲ್ಲಿ ಕೂತು ಗುರುತು ತೋರಿಸುವವನು. ಆಳೆತ್ತರದ ಕಲ್ಲುಗೋಡೆಯ ಹಿಂದಿನ ತಗ್ಗು ಅದು, ಗುಂಡು ತಾಗುವುದಿಲ್ಲ. ಒಂದೊಂದು ಗುಂಡು ಬಿದ್ದಾಗಲೂ ಹಗ್ಗ ಎಳೆದು ಬೋರ್ಡು ಇಳಿಸುವುದು, ಮೈದಾ ಅಂಟು ಹಚ್ಚಿ ತೂತಿಗೆ ಕಾಗದದ ತೇಪೆ ಹಾಕುವುದು, ಮತ್ತೆ ಏರಿಸುವುದು. ಗುಂಡು ನಟ್ಟನಡುವಿನ ಕಪ್ಪಿಗೆ, ಎಂದರೆ ಬುಲ್ಲಿಗೆ ಬಿದ್ದಿದ್ದರೆ ಬಿದಿರ ಕೋಲಿನ ತುದಿಯ ಬಿಳಿ ತಟ್ಟೆ ಎತ್ತಬೇಕು. ಪೂರಾ ತಪ್ಪಿದ್ದರೆ ಕೆಂಪು ಬಾವುಟ. ಆ ತಟ್ಟೆ ಏನು ಹೇಳುತ್ತದೋ ಕಟ್ಟೆಯ ಮೇಲಿನವರಿಗೆ ಅದೇ ವೇದವಾಕ್ಯ.

"ನಿನ್ನ ಚಾವಿ ಯಾರಿಗರ ಕೊಟ್ಟಿದ್ದೇನು?" ಭಾಗ್ಯಜ್ಯೋತಿ ಕೇಳಿದಳು.

"ಇಲ್ರಿ."

"ಕೋಣಿ ಕಡೀ ಸಲ ಯಾವಾಗ ತೆಗದಿ?"

"ನಿನ್ನಿ ಸಂಜಿಮುಂದ್ರಿ."

"ಆವಾಗ ಇತ್ತೇನು?"

"ಇತ್ರಿ."

"ಮತ್ತ ಯಾರು ಒಯ್ದಿರಬೇಕು?"

"ಆ ಭಗವಂತನಿಗೇ ಗೊತ್ರಿ."

"ಭಗವಂತನ್ನ ಠಾಣಾಕ ಕರಸಾಕ ಬರಂಗಿಲ್ಲ ಸೂಗಪ್ಪ. ನಿನ್ನ ಕರಸಬಹುದು."

ಸೂಗಪ್ಪ ತಲೆ ತಗ್ಗಿಸಿ ಉಗುರಿನ ಮೈದಾ ಕೆರೆದುಕೊಂಡ. ಆಮೇಲೆ ತಾನಾಗಿಯೇ ಒಂದು ಮಾತು ಕೇಳಿದ. "ಮೇಡಂರ, ಅದು ಸಿಗಲಿಲ್ಲಂದ್ರ ಆಯಿತವಾರ ಹಳೇ ಪದ್ಧತಿಲೇ ನಡಸ್ತಾರೇನ್ರಿ? ತಟ್ಟಿ ಎತ್ತೂದು?"

ಕಳವಾದ ಸಾಮಾನಿನ ಬಗ್ಗೆ ಎಲ್ಲರೂ ಕೇಳುವುದು ಅದು ಸಿಗುತ್ತದೋ ಇಲ್ಲವೋ ಎಂದು. ಸಿಗದಿದ್ದರೆ ಹೇಗೆ ನಡೆಯುತ್ತದೆಂದು ಕೇಳಿದವನು ಇವನೊಬ್ಬನೇ. ಭಾಗ್ಯಜ್ಯೋತಿ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಮನಸ್ಸಿನಲ್ಲಿಟ್ಟುಕೊಂಡಳು. ಆದರೆ ಮಾತೊಂದರಿಂದ ಬೇಡಿ ಬೀಳುವುದಿಲ್ಲ. ಇವನಿಗೆ ಕ್ಯಾಮೆರಾದಿಂದ ನಷ್ಟವೇನು? ಬೋರ್ಡು ಏರಿಸಲು, ಕಾಗದ ಬದಲಿಸಲು ಆಳು ಬೇಕೇ ಬೇಕು. ಕೆಲಸ ಹೋಗುವುದಿಲ್ಲವೆಂದು ಸಿದ್ದಲಿಂಗೇಶನೇ ಹೇಳಿದ್ದ.

ಗುರುವಾರ ಮುಂಜಾನೆ ಅವಳೂ ಪೀರಪ್ಪನೂ ಸೇಡಂಗೆ ಹೋದರು. ಕ್ಯಾಮೆರಾ ತರಿಸಬೇಕೆಂದು ಹಟ ಹಿಡಿದವರು, ಮೊದಲ ವಂತಿಗೆ ಕೊಟ್ಟವರು ಕ್ಲಬ್ಬಿನ ಹಿರಿಯ ಸದಸ್ಯ ಧೀರೇಂದ್ರರಾಯರಂತೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಎನ್‌ಸಿಸಿ ಹುಡುಗರಿಗೆ ಬಂದೂಕು ಹಿಡಿಯಲು ಕಲಿಸಿ ನಿವೃತ್ತರಾದ ಮಾಸ್ತರರು. ಮನೆ ಕಾಗಿಣಾ ನದಿಯ ಕಡೆಗೆ. ಬಾಗಿಲಲ್ಲಿ ಒದ್ದೆ ರಂಗೋಲಿ, ಒಳಗೆ ಒಗ್ಗರಣೆಯ ವಾಸನೆ.

"ಬರ್ರಿ ಬರ್ರಿ. ಏ ಇವಳ, ಚಹಾ ಇಡು. ಪೊಲೀಸ್ರು ಬಂದಾರ."

"ಏನು ಮಾಡ್ಯಾರ್ರಿ ಇವರು?" ಒಳಗಿನಿಂದಲೇ ಕೇಳಿದರು ಮಾಸ್ತರರ ಹೆಂಡತಿ ನರ್ಮದಾಬಾಯಿ. "ಒಯ್ಯೂದಿದ್ರ ಊಟ ಆದಮ್ಯಾಲ ಒಯ್ರಿ. ಅನ್ನ ಇಟ್ಟೀನಿ."

ಸುದ್ದಿ ಕೇಳಿ ಮಾಸ್ತರರ ಮುಖ ಬಾಡಿತು. "ಛೇ! ಈ ಆಯಿತವಾರ ಇಕೀನ್ನ ಕರಕೊಂಡು ಹೋಗಾಂವ ಇದ್ದೆ. ನಲವತ್ತು ವರ್ಷ ಆತು, ನಾ ಬುಲ್ ಹೊಡೀತೀನಿ ಅಂದ್ರ ನಗ್ತಾಳ. ಟ್ಯಾಬಿನ ಮುಂದ ಕೂಡಿಸಿ ತೋರಸ್ತೀನಿ ಅಂದಿದ್ದೆ."

ನರ್ಮದಾಬಾಯಿ ಚಹಾ ತಂದಿಟ್ಟರು. "ನಗದ ಏನು ಮಾಡ್ಲಿ? ಅಡಿಗಿ ಮನ್ಯಾಗ ಒಂದು ಜಿರಳಿ ಹೊಡೀಲಿಕ್ಕೆ ಮೂರು ಸಲ ಚಪ್ಪಲಿ ಬೀಸ್ತಾರ. ಅದೂ ಓಡಿ ಹೋಗ್ತದ. ಅರ್ಧ ಕಿಲೋಮೀಟರ್ ಮ್ಯಾಲ ಹೊಡದದ್ದೆಲ್ಲಾ ಬುಲ್ಲಂತ!"

"ಜಿರಳಿ ಹಂದಾಡ್ತದ. ಟಾರ್ಗೆಟ್ ನಿಂತಿರ್ತದ" ಎಂದರು ಮಾಸ್ತರರು ಗಂಭೀರವಾಗಿ.

"ಸರ, ತಟ್ಟಿ ಯಾರು ಎತ್ತತಾರ್ರಿ ನಿಮಗ?" ಭಾಗ್ಯಜ್ಯೋತಿ ಕೇಳಿದಳು.

"ಸೂಗಪ್ಪ. ನನ್ನ ಶಿಷ್ಯನೇ. ಗಣಿತದಾಗ ಶೂನ್ಯ, ಗುಣದಾಗ ನೂರಕ್ಕ ನೂರು. ಕ್ಲಬ್ಬಿನಾಗ ಅವನಿಗೆ ಕೆಲಸ ಹಚ್ಚಿದಾಂವ ನಾನ." ಮಾಸ್ತರರು ಚಹಾ ಬಟ್ಟಲು ಎತ್ತಿದರು. "ನಡುವ ನನಗ ಕಾಮಾಲಿ ಆಗಿ ಮೂರು ತಿಂಗಳು ಹಾಸಿಗಿ ಹಿಡದಿದ್ದೆ ನೋಡ್ರಿ. ಲೋಕಸಭಾ ಇಲೆಕ್ಷನ್ ಟೈಮಿನಾಗ. ರೈಫಲ್ಲು ಆವಾಗ ಕ್ಲಬ್ಬಿನವ್ರ ಬಂದೂಕಿನ ಜೋಡಿ ನಿಮ್ಮ ಠಾಣಾದಾಗ ಜಮಾ ಇತ್ತು. ಅದೂ ಒಳಗ, ನಾನೂ ಒಳಗ. ಹೊರಗ ಬಂದಮ್ಯಾಲ ಕೈ ನಡಗ್ತಿತ್ತು. ಇನ್ನ ಮುಗೀತು ಅಂತ ತಿಳಕೊಂಡು ಹೋದ್ರ ಐದಕ್ಕ ಐದೂ ಬುಲ್! ಅವತ್ತ ಜೀವ ಬಂತ್ರಿ ನನಗ."

"ನಿಮ್ಮ ರೈಫಲ್ಲು ನಾನ ಇಟ್ಟಿದ್ದೆ ಸರ" ಎಂದ ಪೀರಪ್ಪ ಹೆಮ್ಮೆಯಿಂದ. "ಇಡೀ ಹೋಬಳಿ ಬಂದೂಕು ಒಂದ ಕೋಣ್ಯಾಗ. ಕಬ್ಬಿನ ಜಲ್ಲಿ ಹಂಗ ಒಂದರ ಮ್ಯಾಲ ಒಂದು ಒಟ್ಟಿದ್ದೆ. ಒಂದೂ ಕಮ್ಮಿ ಬರ್ಲಿಲ್ಲ."

ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಗೆ ಬರುವುದು ಈ ಕಡೆಗೆ ಹೊಸದಲ್ಲ. ಆ ಮಾತು ಅಲ್ಲಿಗೆ ಬಿತ್ತು. ಜೀಪು ಹತ್ತುವಾಗ ಭಾಗ್ಯಜ್ಯೋತಿಯ ತಲೆಯಲ್ಲಿದ್ದುದು ಚಾರ್ಜರ್ ಒಂದೇ. ಫೋನಿನಲ್ಲಿ ಸಿದ್ದಲಿಂಗೇಶನನ್ನು ಹಿಡಿದಳು.

"ಸಾವ್ಕಾರ್ರ, ಆ ಕ್ಯಾಮೆರಾ ನೋಡ್ಕೋ ಅಂತ ಸೂಗಪ್ಪಗ ಏನು ಹೇಳಿದ್ರಿ?"

"ಏನಿಲ್ರಿ. ಬ್ಯಾಟರಿ ಪೂರಾ ಇಳಿದ್ರ ಮಿಷನ್ ಸಾಯ್ತದ, ಹಸರ ದೀಪ ಆರಗೊಡಬ್ಯಾಡ ಅಂತ ಅಂಜಿಸಿದ್ದೆ. ಇಲ್ಲಂದ್ರ ಚಾರ್ಜಿಗಿ ಹಾಕೂದ ಮರೀತಾನ್ರಿ."

ಹಸಿರು ದೀಪ! ಒಯ್ದವನಿಗೆ ಆ ಮಿಷನ್ನು ಸಾಯಬಾರದಾಗಿತ್ತು. ಭಾನುವಾರ ಕಳೆದ ಮೇಲೆ ಮರಳಿ ತಂದಿಡುವ ಮನಸ್ಸಿತ್ತು. ಹಾಗಾದರೆ ದೀಪ ಉರಿಯುತ್ತಲೇ ಇರಬೇಕು, ಕ್ಯಾಮೆರಾ ಎಲ್ಲೋ ಕೂತು ಚಿತ್ರ ಕಳಿಸುತ್ತಲೇ ಇರಬೇಕು. ಹಿಡಿಯುವ ಆಂಟೆನಾ ಖಣಿಯ ಕೋಣೆಯಲ್ಲೇ ಇದೆ. ಜೀಪು ನೇರ ಅಲ್ಲಿಗೆ ಹೋಯಿತು.

"ಪೀರಪ್ಪ, ಹಗ್ಗ ತಗೋ. ಆಂಟೆನಾ ಜೀಪಿನ ಮ್ಯಾಲ ಕಟ್ಟು."

ಮಧ್ಯಾಹ್ನ ಊಟ ಬಿಟ್ಟು ಹೊರಟರು. ಟ್ಯಾಬು ಜಾನಬಿಯ ತೊಡೆಯ ಮೇಲೆ. ಹಗ್ಗ ನಂಬದ ಪೀರಪ್ಪ ಜೀಪಿನ ಹಿಂದೆ ನಿಂತು ಆಂಟೆನಾದ ಕೋಲು ಹಿಡಿದುಕೊಂಡಿದ್ದ. ಖಣಿಯ ಸುತ್ತ, ಕಲ್ಲು ಕುಟ್ಟುವವರ ಓಣಿ, ರೈಲ್ವೆ ಗೇಟು, ತೊಗರಿ ರಾಶಿ ನಡೆದಿದ್ದ ಹೊಲಗಳ ದಾರಿ ಎಲ್ಲಾ ತಿರುಗಿದರು. ಚಹಾದಂಗಡಿಯ ಮುಂದೆ ಕೂತವರಿಗೆ ಪುಕ್ಕಟೆ ಆಟ ಸಿಕ್ಕಿತು.

"ಪೀರಪ್ಪಣ್ಣಾ, ಟಿ.ವಿ. ಬರ್ಲಿಕತ್ತದೇನೋ?"

"ಬರ್ಲಿಕತ್ತದ! ನಿನ್ನ ಹೆಂಡ್ತಿ ಬೈಯೂದು ಬರ್ಲಿಕತ್ತದ. ಮನಿಗಿ ನಡಿ ಜಲ್ದಿ!"

ಊರ ಕೊನೆಯ ಓಣಿಗೆ ತಿರುಗಿದಾಗ ಜಾನಬಿ ಕಿರುಚಿದಳು. "ನಿಲ್ಲಸ್ರಿ! ಬಂತು, ಬಂತು!"

ತೆರೆಯ ಮೇಲೆ ಮೊದಲು ಮಸುಕು. ಆಮೇಲೆ ಒಂದು ದುಂಡನೆಯ ಕಣ್ಣು, ಹಳದಿ ಸುತ್ತು, ನಡುವೆ ಕಪ್ಪು. ಅದು ರೆಪ್ಪೆ ಬಡಿಯಿತು. ಹಿಂದಕ್ಕೆ ಸರಿಯಿತು. ಕೊಕ್ಕು ಕಾಣಿಸಿತು, ಬೋಳು ಕುತ್ತಿಗೆ ಕಾಣಿಸಿತು. ಒಂದು ಕೋಳಿ ತಲೆ ಓರೆ ಮಾಡಿ ನಾಲ್ಕು ಜನ ಪೊಲೀಸರನ್ನು ವಿಚಾರಣೆಗೆ ತೆಗೆದುಕೊಂಡಂತೆ ನೋಡಿ, ತೆರೆಗೇ ಟಕ್ಕೆಂದು ಕುಕ್ಕಿತು. ಚಿತ್ರವೆಲ್ಲ ಅಲುಗಾಡಿತು. ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. ಭಾಗ್ಯಜ್ಯೋತಿಗೂ ಬಾಯಿ ಬಿಗಿ ಹಿಡಿಯಲಾಗಲಿಲ್ಲ.

"ಸಾಕ್ಷಿ ಸಿಕ್ಕಿತ್ರಿ ಮೇಡಂ" ಎಂದ ಪೀರಪ್ಪ. "ಹೇಳಿಕಿ ತಗೋಬೇಕೇನು?"

ಅಷ್ಟರಲ್ಲಿ ತೆರೆಯೊಳಗೆ ಹಸಿರು ಗಾಜಿನ ಬಳೆಯ ಕೈಯೊಂದು ಬಂದು ಕೋಳಿಯನ್ನು ಸರಿಸಿ ತತ್ತಿ ಎತ್ತಿಕೊಂಡಿತು. ಭಾಗ್ಯಜ್ಯೋತಿ ತಲೆ ಎತ್ತಿದಳು. ಮೂರನೇ ಮನೆಯ ಹಿತ್ತಿಲಿಂದ ತತ್ತಿಯ ಬುಟ್ಟಿ ಹಿಡಿದು ಸೂಗಪ್ಪನ ಹೆಂಡತಿ ಚಂದಮ್ಮ ಹೊರಗೆ ಬರುತ್ತಿದ್ದಳು.

ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆದರು. ಕೋಳಿಗೂಡಿನಲ್ಲಿ ಮರಿಗಳಿಗೆ ಕಾವು ಕೊಡಲು ಬಲ್ಬಿನ ವಾಯರ್ ಎಳೆದಿದ್ದರು. ಅದೇ ಪ್ಲಗ್ಗಿನಲ್ಲಿ ಚಾರ್ಜರ್. ಹುಲ್ಲಿನ ಮೇಲೆ, ಹಳೇ ಟವೆಲಿನ ಸಿಂಬಿಯಲ್ಲಿ ಕ್ಯಾಮೆರಾ. ಬಾಣಂತಿಯ ಮಗುವಿಗೂ ಅಷ್ಟು ಮೆತ್ತಗೆ ಹಾಸಿರುವುದಿಲ್ಲ.

"ಇದು ಏನಂತ ಹೇಳಿದ್ದ ನಿನ್ನ ಗಂಡ?"

"ಕೋಳಿಗೆ ಬೆಚ್ಚಗ ಇಡೋ ಮಿಷನ್ ಅಂದಿದ್ದರ್ರಿ." ಚಂದಮ್ಮ ತತ್ತಿಯ ಬುಟ್ಟಿ ಕೆಳಗಿಟ್ಟಳು. "ನಾನೂ ಖರೇ ಅಂದ್ಕೊಂಡೆ. ನಿನ್ನಿಯಿಂದ ಒಂದು ತತ್ತಿ ಜಾಸ್ತೀನ ಸಿಕ್ಕದ್ರಿ."

"ಅವ ಎಲ್ಲಿ?"

"ಮುಂಜಾನಿ ಬಸ್ಸಿಗೆ ಐನಾಪುರಕ್ಕ ಹೋಗ್ಯಾರ, ತಂಗಿ ಊರಿಗಿ. ಆಯಿತವಾರ ಆದಮ್ಯಾಲ ಬರ್ತೀನಿ ಅಂದಾರ. ಯವ್ವಾ, ಅವರು ಒಂದು ಬೀಡಿ ಕದ್ದಾವ್ರು ಅಲ್ರಿ. ಏನಾಗ್ಯದೋ ಏನೋ. ಮೂರು ದಿನದಿಂದ ಉಣವಲ್ರು."

ಕ್ಯಾಮೆರಾಕ್ಕೆ ಅರಿವೆ ಸುತ್ತಿ ಅರಗಿನ ಮುದ್ರೆ ಒತ್ತಿದಾಗ ಸಿದ್ದಲಿಂಗೇಶ ಎದೆಗೆ ಕೈ ಹಚ್ಚಿಕೊಂಡ. "ಮುಗೀತ್ರಿ! ಕಳ್ಳ ಒಯ್ದಿದ್ರ ಸೋಮವಾರ ಬರ್ತಿತ್ತು. ಮುದ್ರಿ ಬಿತ್ತಂದ್ರ ಮುಂದಿನ ದೀಪಾವಳಿಗೂ ಬರಂಗಿಲ್ಲ." ಭಾಗ್ಯಜ್ಯೋತಿ ನಕ್ಕು, ಶುಕ್ರವಾರವೇ ಅವನನ್ನು ಚಿತ್ತಾಪುರದ ನ್ಯಾಯಾಲಯಕ್ಕೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದಳು. ಕೇಳಿದಾಗ ಹಾಜರುಪಡಿಸುವ ಷರತ್ತಿನ ಮೇಲೆ ಸಾಮಾನು ಮಾಲೀಕರ ಸ್ವಾಧೀನಕ್ಕೆ ಬಂತು. ಐನಾಪುರಕ್ಕೆ ಕಳಿಸಿದ ಕಾನ್‌ಸ್ಟೆಬಲ್ ಬರಿಗೈಲಿ ಬಂದ. ಸೂಗಪ್ಪ ಒಂದು ರಾತ್ರಿ ಇದ್ದು ಹೋಗಿದ್ದ.

ಯಾರು ಎಂಬುದು ಗೊತ್ತಾಗಿತ್ತು. ಯಾಕೆ ಎಂಬುದು ಮಾತ್ರ ಉಳಿದಿತ್ತು.

ಜನವರಿ 25, ಭಾನುವಾರ. ಖಣಿಯಲ್ಲಿ ಶಾಮಿಯಾನ, ಉಪ್ಪಿಟ್ಟು, ಚೂಡಾ, ಧ್ವನಿವರ್ಧಕ. ಕ್ಯಾಮೆರಾ ತನ್ನ ಜಾಗದಲ್ಲಿ ಮೂರು ಕಾಲಿನ ಮೇಲೆ ನಿಂತಿತ್ತು. ನರ್ಮದಾಬಾಯಿ ಹೊಸ ಇಳಕಲ್ ಸೀರೆಯುಟ್ಟು, ಕನ್ನಡಕ ಒರೆಸಿಕೊಂಡು, ಟ್ಯಾಬಿನ ಎದುರಿನ ಕುರ್ಚಿಯನ್ನು ಯಾರಿಗೂ ಬಿಡದೆ ಕೂತಿದ್ದರು. ಹಿರಿಯರೆಂದು ಮೊದಲ ಐದು ಗುಂಡು ಧೀರೇಂದ್ರರಾಯರದು. ಯಾವಾಗಿನಂತೆ ಒಂದನೇ ಬೋರ್ಡು, ಅದಕ್ಕೆ ಬೇರೆ ಯಾರೂ ಹೊಡೆಯುತ್ತಿರಲಿಲ್ಲ.

ಸೂಗಪ್ಪನ ಜಾಗಕ್ಕೆ ಬೇರೆ ಆಳು ಸಿಕ್ಕಿರಲಿಲ್ಲ. ಬೋರ್ಡು ಏರಿಸಿದವರು ತಿರುಗಿ ಬಂದಿದ್ದರು. ಇನ್ನೂ ಸಮಯವಿದೆಯೆಂದು ಭಾಗ್ಯಜ್ಯೋತಿ ವಾಕಿಟಾಕಿ ಹಿಡಿದು ಒಬ್ಬಳೇ ತಗ್ಗಿಗೆ ಇಳಿದಳು. ಮೇಲೆ ಸಾಲಾಗಿ ನಿಂತ ಬೋರ್ಡುಗಳ ಬೆನ್ನು ಕಂಡಿತು. ಕಾಗದ ಮುಂದೆ, ಹಿಂದೆ ಗೋಣಿತಟ್ಟು. ಕಾಗದಕ್ಕೆ ತೇಪೆ ಬೀಳುತ್ತದೆ, ಹೊಸದಾಗುತ್ತದೆ. ಗೋಣಿತಟ್ಟಿಗೆ ತೇಪೆ ಹಾಕುವವರಿಲ್ಲ. ಎರಡು, ಮೂರು, ನಾಲ್ಕನೇ ಬೋರ್ಡುಗಳ ತಟ್ಟು ನಡುವೆಲ್ಲ ಜರಡಿಯಾಗಿತ್ತು. ಒಂದನೇದರ ನಡುಭಾಗ ಹೊಸ ಅರಿವೆಯಂತೆ ಗಟ್ಟಿಯಾಗಿತ್ತು. ಕೆಳಗಿನ ಒಂದು ಮೂಲೆ ಮಾತ್ರ ಇಲಿ ತಿಂದಂತೆ ಹರಿದು ಅಂಗೈಯಗಲ ಬಯಲಾಗಿತ್ತು.

ಜನ ಎಲ್ಲಿ ತುಳಿಯುತ್ತಾರೋ ಹೊಸ್ತಿಲು ಅಲ್ಲಿಯೇ ಸವೆಯುತ್ತದೆ. ಭಾಗ್ಯಜ್ಯೋತಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಐದಕ್ಕೆ ಐದು ಬುಲ್. ಜೀವ ಬಂತ್ರಿ ನನಗ. ಟ್ಯಾಬಿನ ಮುಂದೆ ಕನ್ನಡಕ ಒರೆಸುತ್ತಿರುವ ನರ್ಮದಾಬಾಯಿ.

ಹೋಗಿ ಏನಾದರೂ ನೆಪ ಹೇಳಿ ಮಾಸ್ತರರನ್ನು ತಡೆಯಬೇಕೆಂದು ತಿರುಗಿದಳು. ಹಿಂದಿನ ಕಾಲುದಾರಿಯಿಂದ ಒಬ್ಬ ತಗ್ಗಿಗೆ ಜಿಗಿದ. ಸೂಗಪ್ಪ. ಮೈಯೆಲ್ಲ ಬಸ್ಸಿನ ಧೂಳು. ಅದೇ ಗಳಿಗೆಗೆ ಸೀಟಿ ಊದಿತು, ಕಟ್ಟೆಯ ಕಡೆ ಗುಂಡು ಶುರುವಾಗುವ ಗುರುತಿನ ಕೆಂಪು ಬಾವುಟ ಏರಿತು. ಬಾವುಟ ಇಳಿಯುವ ತನಕ ತಗ್ಗಿನಲ್ಲಿದ್ದವರು ತಲೆ ಎತ್ತುವಂತಿಲ್ಲ. ಅದು ಖಣಿಯ ಕಾನೂನು, ಪೊಲೀಸರಿಗೂ ಅದೇ. ವಾಕಿಟಾಕಿಯಲ್ಲಿ ತಡೆದರೆ ಎಲ್ಲರ ಎದುರು ಕಾರಣ ಹೇಳಬೇಕಾಗುತ್ತಿತ್ತು.

"ಕುಂದ್ರು" ಎಂದಳು. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತರು. "ಓಡಿ ಹೋದಾಂವ ಯಾಕ ಬಂದಿ?"

"ಕ್ಯಾಮೆರಾ ಸಿಕ್ಕದ ಅಂತ ಚಂದಮ್ಮ ಫೋನ್ ಮಾಡಿದ್ಳರಿ. ಇವತ್ತ ಮಾಸ್ತರು ಹೊಡಿಯಾವ್ರು. ತಗ್ಗಿನ್ಯಾಗ ನಾ ಇರದ ಹ್ಯಾಂಗ?"

"ಯಾವಾಗಿಂದ ನಡದದ ಇದು?"

ಅವನು ಬೋರ್ಡಿನ ಮೂಲೆ ನೋಡಿದ, ಅವಳು ನೋಡಿದ್ದನ್ನೂ ನೋಡಿದ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಕಾಮಾಲಿ ಆಗಿ ಬಂದ್ರಲ್ರಿ, ಅವತ್ತಿಂದ. ಮೊದಲ ಖರೇನ ಬುಲ್ ಹೊಡೀತಿದ್ರು. ಅವರು ಹಾಸಿಗಿ ಹಿಡದಾಗ ಜರಡಿ ಆಗಿದ್ದ ಹಳೇ ಗೋಣಿತಟ್ಟು ತಗದು ಹೊಸದು ಹಾಕಿದ್ದೆ. ಅವತ್ತ ಮುಖ ನೋಡಿದ್ರ ಅರಿಶಿಣ ಹಚ್ಚಿದಂಗ, ಕೈಯಾಗ ಕಸುವಿಲ್ಲ. ಇವತ್ತೊಂದು ದಿನ ನೋಡ್ತೀನಿ ಸೂಗಪ್ಪ, ಆಗಲಿಲ್ಲಂದ್ರ ರೈಫಲ್ಲು ಮಾರಿ ಮನ್ಯಾಗ ಕುಂದರ್ತೀನಿ ಅಂದ್ರು. ಐದೂ ಮೂಲಿಗೆ ಬಿದ್ದವು. ನನ್ನ ಕೈ ಕೆಂಪು ಬಾವುಟದ ಮ್ಯಾಲೇ ಇತ್ರಿ. ಬಿಳಿ ತಟ್ಟಿ ಯಾವಾಗ ಎತ್ತಿತೋ ಗೊತ್ತಿಲ್ಲ. ಆ ಕಡಿಂದ ಅವರು ನಕ್ಕದ್ದು ಇಲ್ಲೀತನ ಕೇಳಿಸ್ತು."

"ಆಮ್ಯಾಲ?"

"ಒಂದು ಸಲ ಎತ್ತಿದಮ್ಯಾಲ ಇಳಸೂದು ಹ್ಯಾಂಗ್ರಿ?" ಅವನು ಕೈ ಜೋಡಿಸಿದ. "ನನ್ನ ಒಯ್ರಿ. ಜೇಲಿಗೆ ಹಾಕ್ರಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ. ನರ್ಮದಾ ಬಾಯಾರೂ ಬಂದಾರಂತ."

"ನಾ ಹೇಳೂದೇನದ? ಅದು ಹೇಳ್ತದ" ಎಂದು ಅವಳು ಕ್ಯಾಮೆರಾ ಇದ್ದ ಕಡೆಗೆ ಗದ್ದ ಎತ್ತಿದಳು.

ನೆತ್ತಿಯ ಮೇಲೆ ಗಾಳಿ ಸೀಳಿತು. ಆಮೇಲೆ ಸದ್ದು ಬಂತು. ಒಂದನೇ ಬೋರ್ಡಿನ ಕೆಳಮೂಲೆಯಲ್ಲಿ ಬಿಸಿಲಿನ ಒಂದು ಚುಕ್ಕೆ ಮೂಡಿತು. ಸೂಗಪ್ಪ ಕಣ್ಣು ಮುಚ್ಚಿದ. ಎರಡನೇ ಚುಕ್ಕೆ ಅದರ ಮಗ್ಗುಲಿಗೆ. ಮೂರನೇದು ಎರಡಕ್ಕೂ ತಾಗಿಕೊಂಡು.

ವಾಕಿಟಾಕಿಯಲ್ಲಿ ಪೀರಪ್ಪನ ಪಿಸುದನಿ. "ಮೇಡಂ, ಇಲ್ಲಿ ಎಲ್ಲಾರೂ ಗಪ್ ಆಗ್ಯಾರ. ಮೂರೂ ಮೂಲಿಗೆ ಬಿದ್ದಾವ. ಮಾಸ್ತರು ಎದ್ದು ಬಂದು ಟ್ಯಾಬ್ ನೋಡಾಕತ್ತಾರ."

"ಬಾಯಾರು?"

"ಅವರೂ ನೋಡಾಕತ್ತಾರ. ತಡೀರಿ, ಏನೋ ಅಂದ್ರು." ಸ್ವಲ್ಪ ಗೊರಗೊರ. "'ಅಲ್ರೀ, ಮೂರೂ ರಂಗೋಲಿ ಚುಕ್ಕಿ ಇಟ್ಟಂಗ ಒಂದ ಜಾಗಾಕ್ಕ ಬಿದ್ದಾವಲ್ಲ! ಇಷ್ಟು ಕೂಡಿಸಿ ಹೊಡಿಯಾಕ ಬರ್ತದ ಅಂದ್ರ ನಡುವ ಯಾಕ ಹೊಡೀವಲ್ರಿ?' ಅಂದ್ರು."

ಭಾಗ್ಯಜ್ಯೋತಿ ನೆಟ್ಟಗೆ ಕೂತಳು. ಮೇಲಿನ ಮೂರು ಚುಕ್ಕೆಗಳನ್ನು ನೋಡಿದಳು. ಅಂಗೈಯಲ್ಲಿ ಮುಚ್ಚಬಹುದು. ನಡುಗುವ ಕೈ ಹೊಡೆದದ್ದಾದರೆ ಬೋರ್ಡಿನ ತುಂಬಾ ಚೆಲ್ಲಾಪಿಲ್ಲಿ ಬೀಳಬೇಕಿತ್ತಲ್ಲವೆ?

"ಮೇಡಂ! ಮಾಸ್ತರು ನಗಾಕತ್ತಾರ್ರಿ! 'ಕೈ ನೆಟ್ಟಗದ, ದುರ್ಬೀನು ಸೊಟ್ಟಗದ' ಅಂತಾರ. ರೈಫಲ್ಲಿನ ಮ್ಯಾಲಿನ ದುರ್ಬೀನಿನ ತಿರುಪು ತಿರುವಾಕತ್ತಾರ. ಟಿಕ್, ಟಿಕ್, ಟಿಕ್. ಇದಕ್ಕ ಯಾವಾಗ ಪೆಟ್ಟು ಬಿತ್ತು, ಠಾಣಾಕ್ಕ ಕೊಡೂ ಮುಂದ ನೆಟ್ಟಗಿತ್ತಲ್ಲ ಅಂದ್ರು." ದನಿ ಒಮ್ಮೆಲೆ ಸಣ್ಣದಾಯಿತು. "ನನ್ನ ಕಡೆ ನೋಡಾಕತ್ತಾರ್ರಿ. ಕಬ್ಬಿನ ಜಲ್ಲಿ ಅಂತ ನಾ ಯಾಕ ಬಾಯಿ ಬಿಟ್ಟೆನೋ ಏನೋ."

ನಾಲ್ಕನೇ ಗುಂಡು ಮೂಲೆ ಬಿಟ್ಟು ಮೇಲೆ ಬಂತು. ನಡುವಿಗೆ ಒಂದು ಗೇಣು ಕಡಿಮೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಖಣಿಯ ಮಡುವಿನ ಮೇಲೆ ಒಂದು ಹಕ್ಕಿ ಕೂಗಿತು.

ಗಾಳಿ ಸೀಳಿತು. ಎರಡು ವರ್ಷ ಯಾರೂ ಮುಟ್ಟದ ಗೋಣಿತಟ್ಟಿನ ನಟ್ಟನಡುವೆ ಬಿಸಿಲು ತೂತಾಗಿ ಬಂದು ಸೂಗಪ್ಪನ ಮಂಡಿಯ ಮೇಲೆ ಬಿತ್ತು.

ಅವನು ಆ ಬೆಳಕಿನ ಬಿಲ್ಲೆಯನ್ನು ನೋಡಿದ. ಮುಟ್ಟಿ ನೋಡಿದ. ಬಿದಿರ ಕೋಲಿನ ಕಡೆ ಕೈ ಹೋಯಿತು, ನಿಂತಿತು. ಭಾಗ್ಯಜ್ಯೋತಿಯ ಮುಖ ನೋಡಿದ. ಕ್ಯಾಮೆರಾ ಇದ್ದ ಮೇಲೆ ತಟ್ಟೆಯ ಕೆಲಸವಿಲ್ಲ. ಮೇಲಾಗಿ ಅವನು ಆರೋಪಿ.

"ಎತ್ತು" ಎಂದಳು ಅವಳು. "ಇದು ಖರೇದು."

ಬಿಳಿ ತಟ್ಟೆ ಗೋಡೆಯ ಮೇಲೆ ಎದ್ದಿತು. ಅರ್ಧ ಕಿಲೋಮೀಟರ್ ಆಚೆಯಿಂದ ಬಂದ ಕೂಗು, ಸೀಟಿ, ಚಪ್ಪಾಳೆಗೆ ಮಡುವಿನ ಹಕ್ಕಿ ಹಾರಿಹೋಯಿತು.

ಬಾವುಟ ಇಳಿದ ಮೇಲೆ ಸಿದ್ದಲಿಂಗೇಶನ ಜೀಪು ಬಂತು. ಮಾಸ್ತರರು ಇಳಿದು ಮೊದಲು ಬೋರ್ಡಿನ ಬೆನ್ನು ನೋಡಿದರು, ಆಮೇಲೆ ಶಿಷ್ಯನನ್ನು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಎರಡು ವರ್ಷ ನನ್ನ ತಪ್ಪು ಲೆಕ್ಕಕ್ಕ ರೈಟ್ ಹಾಕಿದೆಲ್ಲೋ ಮಬ್ಬ! ತಪ್ಪು ಅಂದಿದ್ರ ಅವತ್ತ ತಿದ್ದಿಕೋತಿದ್ನಲ್ಲೋ. ಎರಡು ತಿರುಪಿನ ಕೆಲಸ."

"ಗಲ್ತಿ ಆತ್ರಿ ಸರ" ಎಂದ ಸೂಗಪ್ಪ. ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟವಿತ್ತು.

"ನೀ ತಟ್ಟಿ ಎತ್ತದಿದ್ರ ಅವತ್ತ ನಾ ಏಳ್ತಿದ್ದಿಲ್ಲ, ಅದೂ ಖರೇ." ಮಾಸ್ತರರು ಅವನ ತಲೆಗೆ ಒಂದು ಮೊಟಕಿದರು, ತರಗತಿಯಲ್ಲಿ ಮೊಟಕುತ್ತಿದ್ದಂತೆ.

ಭಾಗ್ಯಜ್ಯೋತಿ ದಸ್ತಗಿರಿ ಪತ್ರ ತೆಗೆದಳು. ಕೆಲಸ ಕೆಲಸವೇ. "ನಿನ್ನ ಹಿಡದ ಸುದ್ದಿ ನಿನ್ನ ಕಡಿಯವ್ರಿಗೆ ತಿಳಸಬೇಕು ಸೂಗಪ್ಪ. ಯಾರಿಗೆ ತಿಳಸ್ಲಿ?"

ಅವನು ಪಕ್ಕದಲ್ಲೇ ನಿಂತವರನ್ನು ತೋರಿಸಿದ. "ಮಾಸ್ತರಿಗೆ ತಿಳಸ್ರಿ."

"ತಿಳೀತು" ಎಂದರು ಮಾಸ್ತರರು. "ಜಾಮೀನಿಗೂ ನಾನ ಬರ್ತೀನಿ. ಮೊದಲು ಅವನಿಗೆ ಉಪ್ಪಿಟ್ಟು ಕೊಡ್ರಿ. ಮೂರು ದಿನ ಉಂಡಿಲ್ಲಂತ."

ಸೂಗಪ್ಪನಿಗೆ ಜಾಮೀನಾಯಿತು. ಮುಂದೆ ಕ್ಲಬ್ಬಿನವರು ರಾಜಿಗೆ ಒಪ್ಪಿ ಪ್ರಕರಣ ಮುಗಿಯಿತು. ವರದಿಯಲ್ಲಿ ಅಪರಾಧದ ಉದ್ದೇಶ ಬರೆಯುವಾಗ ಭಾಗ್ಯಜ್ಯೋತಿಗೆ ಪೀರಪ್ಪ ಒಂದೆರಡು ಭಾರವಾದ ಶಬ್ದ ಸೂಚಿಸಿದ. ಅವಳು ಅವನ್ನೆಲ್ಲ ಬಿಟ್ಟು, "ಆರೋಪಿಯು ತನ್ನ ಗುರುವಿನ ಮನಸ್ಸು ನೋಯಬಾರದೆಂದು ಈ ಕೃತ್ಯ ಎಸಗಿದ್ದು, ಸ್ವಂತಕ್ಕೆ ಒಂದು ತತ್ತಿಯ ಹೊರತು ಬೇರೆ ಲಾಭ ಪಡೆದಿರುವುದಿಲ್ಲ" ಎಂದು ಬರೆದು ಸಹಿ ಮಾಡಿದಳು.

ಸ್ಪರ್ಧೆ ಮುಗಿದ ವಾರವೇ ಪೀರಪ್ಪ ಆಡಕಿ ಸಂತೆಯಿಂದ ನಾಲ್ಕು ಹಳೇ ಕೌದಿ ತಂದು ಠಾಣೆಯ ಬಂದೂಕಿನ ಕೋಣೆಯಲ್ಲಿ ಹಾಸಿದ. ಇಲೆಕ್ಷನ್ನಿಗೆ ಇನ್ನೂ ಭಾಳ ದಿನ ಅದಲ್ರಿ ಎಂದು ಜಾನಬಿ ನಕ್ಕರೆ, "ಇರ್ಲಿ ಬಿಡವ್ವ. ತಪ್ಪು ಯಾವುದಂತ ತೋರಿಸಿದ ದಿನಾನ ತಿದ್ದಿಕೋಬೇಕಂತ. ಮಾಸ್ತರು ಹೇಳ್ಯಾರ" ಎಂದು ಕೌದಿಯ ಸುಕ್ಕು ಬಿಡಿಸಿದ.